ಅಳತೆಯ ನೀರು ಮತ್ತು ಅನರ್ಥದಂಡ ವಿರತಿ

ಗೃಹಸ್ಥನು ನೀರನ್ನು ಬಿಟ್ಟು ಬದುಕಲಾರನು. ಆದುದರಿಂದಲೇ ನಮ್ಮ ಆಚಾರ್ಯರು, ಜಲಕಾಯಿಕ ಜೀವಗಳ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕೆಂದು ಶ್ರಾವಕನಿಗೆ ವಿಧಿಸಲಿಲ್ಲ. ನಿಷ್ಪ್ರಯೋಜನವಾದ ಹಿಂಸೆಯನ್ನು ಬಿಡಬೇಕೆಂದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಬಳ್ಳಿಗಳನ್ನು ಕೀಳುವುದು ಮೊದಲಾದವು ಇದರಲ್ಲಿ ಸೇರುತ್ತವೆ.

ನೀರನ್ನು ಬಳಸುವುದು ಬೇರೆ, ಚೆಲ್ಲುವುದು ಬೇರೆ. ಈ ಭೇದವನ್ನು ನಮ್ಮ ಹಿರಿಯರು ಬಾವಿಕಟ್ಟೆಯ ಮೇಲೆಯೇ ಕಲಿಯುತ್ತಿದ್ದರು. ಸೇದಿದ ಕೊಡದ ಭಾರವು ರಟ್ಟೆಗೆ ತಿಳಿಯುತ್ತಿತ್ತು. ಸೋಸುಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಜೋಪಾನವಾಗಿ ಮರಳಿಸುತ್ತಿದ್ದರು. ಇಂದು ನಗರದ ಮನೆಗೆ ನೀರು ಗೋಡೆಯೊಳಗಿನ ಕೊಳವೆಯಲ್ಲಿ ಬರುತ್ತದೆ. ರಟ್ಟೆಗೆ ಅದರ ಭಾರವಿಲ್ಲ. ಕಣ್ಣಿಗೆ ಅದರ ಲೆಕ್ಕವಿಲ್ಲ.

ಕಳೆದುಹೋದ ಈ ಲೆಕ್ಕವನ್ನು ಹಿಂದಿರುಗಿಸಬಲ್ಲ ಸಾಧನವೊಂದು ಬಳಕೆಗೆ ಬಂದಿದೆ. ಅದನ್ನು ಸ್ಮಾರ್ಟ್ ಮೀಟರ್ ಎನ್ನುತ್ತಾರೆ. ಅಮೆರಿಕದ ನ್ಯೂಯಾರ್ಕ್ ನಗರವು 2009ರಿಂದ ಇಂತಹ ವ್ಯವಸ್ಥೆಯನ್ನು ಅಳವಡಿಸತೊಡಗಿ, 8 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಅದನ್ನು ವಿಸ್ತರಿಸಲು ಹೊರಟಿತು. ಮಾಪಕಕ್ಕೆ ಜೋಡಿಸಿದ ಪುಟ್ಟ ರೇಡಿಯೋ ಯಂತ್ರವು ಎತ್ತರದ ಕಟ್ಟಡಗಳ ಮೇಲಿನ ಗ್ರಾಹಕ ಯಂತ್ರಗಳಿಗೆ ದಿನದಿನದ ಅಂಕಿಯನ್ನು ಕಳುಹಿಸುತ್ತದೆ. ಲೆಕ್ಕ ಬರೆದುಕೊಳ್ಳುವವನು ಮನೆಬಾಗಿಲಿಗೆ ಬರಬೇಕಾಗಿಲ್ಲ. ಬಳಕೆಯು ವಾಡಿಕೆಯನ್ನು ಬಹಳವಾಗಿ ಮೀರಿ ಕೆಲವು ದಿನ ಹಾಗೆಯೇ ಮುಂದುವರಿದರೆ ಮನೆಯೊಡೆಯನಿಗೆ ಎಚ್ಚರಿಕೆ ಕೊಡುವ ಕ್ರಮವನ್ನೂ ಆ ನಗರವು ಆರಂಭಿಸಿತು. ಎಲ್ಲರೂ ಮಲಗಿದ್ದಾಗಲೂ ಅಂಕಿ ಏರುತ್ತಿದ್ದರೆ, ಎಲ್ಲಿಯೋ ನೀರು ವ್ಯರ್ಥವಾಗಿ ಸೋರುತ್ತಿದೆಯೆಂದು ತಿಳಿಯಬೇಕು.

ಇದರಲ್ಲಿ ವ್ರತಿಕನಿಗೆ ಪಾಠವಿದೆ. ಚತುರ್ದಶಿಯಂದು ಚತುರ್ವಿಧ ಆಹಾರವನ್ನು ತ್ಯಜಿಸಿದ ಶ್ರಾವಕಿಯ ಗಂಟಲಿಗೆ ಒಂದು ಹನಿ ನೀರೂ ಇಳಿದಿಲ್ಲ. ಅದೇ ಮನೆಯ ಬಚ್ಚಲ ನಲ್ಲಿಯು ಕ್ಷಣಕ್ಕೊಂದರಂತೆ ತೊಟ್ಟಿಕ್ಕುತ್ತಿದ್ದರೆ ಒಂದು ಅಹೋರಾತ್ರಿಯಲ್ಲಿ 86,400 ಹನಿಗಳು ಉದುರುತ್ತವೆ. ಒಂದೊಂದು ಹನಿಯೂ ಅಸಂಖ್ಯಾತ ಜಲಕಾಯಿಕ ಜೀವಗಳ ನೆಲೆಯೆಂದು ಆಗಮವು ಹೇಳುತ್ತದೆ. ಇಷ್ಟು ಜೀವಗಳಿಗೆ ಬಾಧೆಯಾದರೂ ಇದರಿಂದ ಯಾರ ಬಾಯಾರಿಕೆಯೂ ತಣಿಯಲಿಲ್ಲ, ಯಾರ ಬಟ್ಟೆಯೂ ಶುಭ್ರವಾಗಲಿಲ್ಲ. ಅನರ್ಥದಂಡಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೆ? ಉಪವಾಸದ ಪುಣ್ಯವು ಇದರಿಂದ ನಷ್ಟವಾಯಿತೆಂದು ನಾನು ಹೇಳುವುದಿಲ್ಲ. ಉಪವಾಸವು ನಾಲಗೆಯನ್ನು ನಿಗ್ರಹಿಸಿತು. ಮನೆಯ ಪ್ರಮಾದವು ಹಾಗೆಯೇ ಉಳಿಯಿತು ಎಂದಷ್ಟೇ ಹೇಳುತ್ತೇನೆ.

ಇಲ್ಲಿ ಒಂದು ಶಂಕೆ ಏಳುತ್ತದೆ: ಮಾಪಕದ ಭಯದಿಂದ ನೀರನ್ನು ಉಳಿಸಿದವನು ವ್ರತಿಯಾದಾನೆ? ಇದಕ್ಕೆ ಎರಡು ಕಡೆಯಿಂದ ಉತ್ತರಿಸಬೇಕು. ಉಳಿದ ಜೀವಗಳ ದೃಷ್ಟಿಯಿಂದ, ಉಳಿಸಿದವನ ಮನಸ್ಸು ಹೇಗಿದ್ದರೂ ಬಾಧೆ ತಪ್ಪಿತು. ಉಳಿಸಿದವನ ಆತ್ಮದ ದೃಷ್ಟಿಯಿಂದಲಾದರೋ ಭಾವವೇ ಪ್ರಧಾನ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ 2018ರ ಬರಗಾಲದಲ್ಲಿ ತಲೆಗೆ ದಿನಕ್ಕೆ 50 ಲೀಟರಿನ ಮಿತಿಯನ್ನು ವಿಧಿಸಿದರು. ಜನರು ಬಳಕೆಯನ್ನು ತಗ್ಗಿಸಿದರು. ಕೊಳವೆಗಳು ಬತ್ತುವ ದಿನವು ತಪ್ಪಿತು. ಮಳೆ ಬಂದು ಜಲಾಶಯಗಳು ಚೇತರಿಸಿಕೊಂಡ ಮೇಲೆ ಅದೇ ವರ್ಷ ಮಿತಿಯು ಸಡಿಲವಾಯಿತು. ಶಾಸನದ ಮಿತಿಯು ಹೀಗೆ ಮಳೆಯೊಡನೆ ಬದಲಾಗುತ್ತದೆ. ವ್ರತದ ಮಿತಿಯು ತುಂಬಿದ ಕೆರೆಯ ದಂಡೆಯ ಮೇಲೆಯೂ ನಿಲ್ಲುವಂಥದು.

ಇನ್ನು ಶುಲ್ಕದ ಮಾತು. ಬಡವನಿಗೆ ಬಿಲ್ಲಿನ ಭಯವಿದೆ, ಸಿರಿವಂತನಿಗೆ ಅದಿಲ್ಲ. ಹಣವನ್ನು ಕಟ್ಟಿದವನನ್ನು ಮಾಪಕವು ಪ್ರಶ್ನಿಸಲಾರದು. ‘ನಾನು ಹಣ ಕೊಟ್ಟಿದ್ದೇನೆ, ನೀರು ನನ್ನದು’ ಎನ್ನುವವನು ನೀರಿನ ಬೆಲೆಯನ್ನು ತೆತ್ತಿರಬಹುದು. ಅದರಲ್ಲಿರುವ ಜೀವಗಳ ಬೆಲೆಯನ್ನು ಯಾವ ಮಂಡಳಿಗೆ ತೆತ್ತಾನು? ಆದುದರಿಂದ ಮಾಪಕವು ಎಷ್ಟೇ ಜಾಣತನದ್ದಾದರೂ ಅದು ನಿಮಿತ್ತ ಮಾತ್ರ. ಉಪಾದಾನವು ನಮ್ಮ ಪರಿಣಾಮವೇ. ಹಾಗೆಂದು ನಿಮಿತ್ತವನ್ನು ಅಲ್ಲಗಳೆಯಬಾರದು. ಕಣ್ಣಿಗೆ ಕಾಣದ ದೋಷವನ್ನು ಆಲೋಚನೆಯಲ್ಲಿ ಹೇಳಿಕೊಳ್ಳುವುದಾದರೂ ಹೇಗೆ?

ಭೋಗೋಪಭೋಗ ಪರಿಮಾಣವನ್ನು ಕಾಲಮಿತಿಯುಳ್ಳ ನಿಯಮವಾಗಿಯೂ, ಆಜೀವ ಯಮವಾಗಿಯೂ ಸ್ವೀಕರಿಸಲು ಅವಕಾಶವಿದೆ. ಆದುದರಿಂದ ಧರ್ಮಬಂಧುಗಳಲ್ಲಿ ನನ್ನ ಸೂಚನೆ ಇಷ್ಟು. ಬರುವ ದಶಲಕ್ಷಣ ಪರ್ವದ ಹತ್ತು ದಿನಗಳಿಗೆ, ಮನೆಯವರೆಲ್ಲರೂ ಕೂಡಿ ದಿನದ ನೀರಿಗೆ ಒಂದು ಪರಿಮಾಣವನ್ನು ಗೊತ್ತುಮಾಡಿಕೊಳ್ಳಲಿ. ಮಕ್ಕಳು, ವೃದ್ಧರು, ರೋಗಿಗಳಿಗೆ ಬೇಕಾದುದನ್ನು ಮೊದಲು ತೆಗೆದಿರಿಸಿ, ಉಳಿದುದರಲ್ಲಿ ಮಿತಿಯನ್ನು ಹಾಕಿಕೊಳ್ಳಲಿ. ಹೊಸ ಮಾಪಕವೇ ಬೇಕೆಂದಿಲ್ಲ, ಹಳೆಯದೂ ಸಾಕು. ಸಂಜೆಯ ಪ್ರತಿಕ್ರಮಣಕ್ಕೆ ಮೊದಲು ಅಂಕಿಯನ್ನು ಬರೆದುಕೊಳ್ಳಲಿ. ಸೋರುವ ನಲ್ಲಿಗಳನ್ನು ಪರ್ವಕ್ಕೆ ಮುಂಚೆಯೇ ದುರಸ್ತಿ ಮಾಡಿಸಲಿ; ಮಾಳಿಗೆಯ ಟ್ಯಾಂಕು ತುಂಬಿ ಹರಿಯದಂತೆ ಒಬ್ಬರು ಹೊಣೆ ಹೊರಲಿ. ನಗರಗಳು ತಮ್ಮ ಆಯವ್ಯಯಕ್ಕಾಗಿ ನೀರನ್ನು ಅಳೆಯುತ್ತವೆ. ಜೀವದಯೆಗಾಗಿ ಅಳೆಯುವ ಕೆಲಸವು ಶ್ರಾವಕರಾದ ನಮಗೆ ಸೇರಿದ್ದು.