ಬಿಡುವಿರುವ ಕೈ ಯಾರದು?

ನಮ್ಮ ಜನರ ಎರಡು ಕೈಗಳೂ ಒಟ್ಟಿಗೆ ಬಿಡುವಾಗುವುದು ನಿದ್ದೆಯಲ್ಲಿ ಮಾತ್ರ. ಹಗಲೆಲ್ಲ ಒಂದು ಕೈ ಏನನ್ನಾದರೂ ಹಿಡಿದೇ ಇರುತ್ತದೆ: ಕುಡುಗೋಲು, ಬಿಂದಿಗೆ, ಕಂಕುಳಲ್ಲಿನ ಕೂಸು, ನಿಂತೇ ಹೋಗುವ ಬಸ್ಸಿನ ಕಂಬಿ. ಉಳಿದ ಕೈಗೆ ಈಗ 6.5 ಇಂಚಿನ ಫೋನು ಬಂದು ಕೂತಿದೆ. ಇದನ್ನು ಮಾಡಿದವರು ಯಾರ ಕೈಯನ್ನು ಅಳತೆಗೆ ಇಟ್ಟುಕೊಂಡಿದ್ದರು? ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇವೆ.

ಒಂದೇ ಕೈಲಿ ಹಿಡಿದರೆ ನಾಲ್ಕು ಬೆರಳು ಫೋನನ್ನು ಹೊರುತ್ತವೆ, ಹೆಬ್ಬೆರಳು ಒಂದೇ ದುಡಿಯುತ್ತದೆ. ಬುಡದ ಕೀಲಿನ ಮೇಲೆ ಅದು ಬಾಗಿಲಿನ ಹಾಗೆ ತಿರುಗುತ್ತದೆ. ಪರದೆಯ ಕೆಳಗು, ನಡು ಎಟುಕುತ್ತವೆ. ಬಲಗೈಯವರಿಗೆ ಮೇಲಿನ ಎಡಮೂಲೆ ಎಟುಕದ ಅಟ್ಟ. ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಎಷ್ಟೋ ಆ್ಯಪ್‌ಗಳು ಇಟ್ಟಿರುವುದು ಅಲ್ಲೇ. ಮುಟ್ಟಬೇಕಾದರೆ ಫೋನನ್ನು ಅಂಗೈಯಲ್ಲಿ ಜರುಗಿಸಬೇಕು. ಜರುಗಿಸುವಾಗಲೇ ಅದು ಜಾರುವುದು. ಒಡೆದ ಗಾಜಿಗೆ ದಿನಗಟ್ಟಲೆಯ ಕೂಲಿ ಹೋಗುತ್ತದೆ.

2007ರ ಮೊದಲ ಐಫೋನಿನ ಪರದೆ 3.5 ಇಂಚು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. 2014ರಲ್ಲಿ ಆಪಲ್ ಕೂಡ 5.5 ಇಂಚಿಗೆ ಹೋಯಿತು. ಹೋಗುವಾಗಲೇ, ಗುಂಡಿಯನ್ನು ಎರಡು ಸಲ ಮೆಲ್ಲಗೆ ಮುಟ್ಟಿದರೆ ಪರದೆಯ ಮೇಲ್ಭಾಗ ಕೆಳಗಿಳಿಯುವ ಏರ್ಪಾಡನ್ನೂ ಇಟ್ಟಿತು. ಅಂದರೆ ಕೈಗೆ ಎಟುಕುವುದಿಲ್ಲ ಅಂತ ಮಾಡಿದವರಿಗೆ ಗೊತ್ತಿತ್ತು!

2013ರಲ್ಲಿ ಇಸ್ತಾಂಬುಲ್‌ನ ಗೆಝಿ ಪಾರ್ಕ್ ಚಳವಳಿಯಲ್ಲಿದ್ದ ಸಮಾಜಶಾಸ್ತ್ರಜ್ಞೆ ಝೆಯ್ನೆಪ್ ತುಫೆಕ್ಚಿ, ಅಶ್ರುವಾಯುವಿನ ನಡುವೆ ಒಂದೇ ಕೈಲಿ ಫೋಟೋ ತೆಗೆಯಲಾಗಲಿಲ್ಲ, ಫೋನು ಗಂಡಸಿನ ಕೈಯಳತೆಗೆ ಮಾಡಿದ್ದು ಎಂದು ಬರೆದರು. ಮೆರವಣಿಗೆಯಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಕ್ಕದನ್ನೇ ಕೊಂಡುಕೊಳ್ಳಿ ಅನ್ನುವವರಿದ್ದಾರೆ. 2020ರಲ್ಲಿ ಆಪಲ್ 5.4 ಇಂಚಿನ ಮಿನಿ ತಂದಿತು. 2022ರ ಹೊಸ ಸಾಲಿನಲ್ಲಿ ಅದನ್ನು ಕೈಬಿಟ್ಟಿತು. ಜನಕ್ಕೇ ದೊಡ್ಡದು ಬೇಕು ಅಂತಾರೆ. ಹೌದು, ನಮಗೂ ಬೇಕು. ಯಾಕೆ ಬೇಕು? ಉಳ್ಳವರ ಮನೆಯಲ್ಲಿ ಮೇಜಿದೆ, ಮೇಜಿನ ಮೇಲೆ ಕಂಪ್ಯೂಟರಿದೆ. ಕೇರಿಯ ಮನೆಯಲ್ಲಿ ಅದೆಲ್ಲವೂ ಈ ಒಂದು ಫೋನೇ. 2020ರಲ್ಲಿ ಶಾಲೆ ಮುಚ್ಚಿದಾಗ ಮೂರು ಮಕ್ಕಳು ತಲೆಗೆ ತಲೆ ತಾಗಿಸಿ ಪಾಠ ಕೇಳಿದ್ದು ಇದರಲ್ಲೇ. ಸ್ಕಾಲರ್‌ಶಿಪ್ ಅರ್ಜಿ ತುಂಬುವುದೂ ಇದರಲ್ಲೇ. ಮನೆಯಲ್ಲಿಲ್ಲದ ಮೇಜಿನ ಭಾರವನ್ನು ನಮ್ಮ ಮಣಿಕಟ್ಟು ಹೊರುತ್ತಿದೆ. ಇದನ್ನು ಆಯ್ಕೆ ಅನ್ನುವುದಾದರೆ ಕೂಲಿಗೆ ಹೋಗುವುದೂ ಆಯ್ಕೆಯೇ.

ಇನ್ನೊಂದು ಮಾತು. ಈ ಪರದೆ ನಡೆಯುವುದು ಸ್ಪರ್ಶದಿಂದ. ಬೆರಳು ತಾಗಿದಾಗ ವಿದ್ಯುತ್ತಿನಲ್ಲಾಗುವ ಸಣ್ಣ ವ್ಯತ್ಯಾಸವನ್ನು ಅದು ಹಿಡಿಯುತ್ತದೆ. ಸಿಮೆಂಟು ಕಲಸಿ ಒಣಗಿ ಜಡ್ಡುಗಟ್ಟಿದ ಬೆರಳನ್ನು ಎಷ್ಟೋ ಸಲ ಹಿಡಿಯುವುದಿಲ್ಲ. (ಮುಟ್ಟಿದರೂ ಲೆಕ್ಕಕ್ಕಿಲ್ಲ ಅನ್ನುವುದು ನಮಗೆ ಹೊಸ ಪಾಠವೇನಲ್ಲ.)

2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ ಪರದೆಯನ್ನು ಕೆಳಗಿಳಿಸುವ ಒಂದು ಕೈಯ ಏರ್ಪಾಡಿದೆ. ಸೆಟ್ಟಿಂಗ್ಸ್‌ನ ಒಳಗೆ ಹುಡುಕಬೇಕು. ಗೂಗಲ್ ಕೀಲಿಮಣೆಯನ್ನೂ ಒಂದು ಬದಿಗೆ ಒತ್ತರಿಸಬಹುದು. ಮೇಷ್ಟ್ರುಗಳೇ, ಗೆಳೆಯರೇ, ಕೇರಿಯ ಫೋನುಗಳಲ್ಲಿ ಇದನ್ನು ಹುಡುಕಿ ಕೊಡಿ. ಹಾಗಂತ ಕೇಳುವುದನ್ನು ಬಿಡಬೇಡಿ. ಅದೇ 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಮೇಲೆ ಅಂಗನವಾಡಿ ಅಕ್ಕಂದಿರು ಮಕ್ಕಳ ತೂಕ, ಎತ್ತರವನ್ನು ಫೋನಿನಲ್ಲೇ ತುಂಬುತ್ತಾರೆ. ಇಂಥ ಆ್ಯಪ್ ಬರೆಯುವ ಇಂಜಿನಿಯರು, ಯಾವ ಗುಂಡಿ ಎಲ್ಲಿರಬೇಕು ಅಂತ ತೀರ್ಮಾನಿಸುವ ಮೊದಲು ಒಂದು ದಿನ ಅಂಗನವಾಡಿಗೆ ಬರಲಿ. ಅಳುವ ಕೂಸೊಂದನ್ನು ಎತ್ತಿಕೊಂಡು, ಉಳಿದ ಕೈಲಿ ಹತ್ತು ಮಕ್ಕಳ ಲೆಕ್ಕ ತುಂಬಿ ಕಳಿಸಲಿ.