ಸಿಟ್ಟು ಯಾರ ಮೇಲೆ?

ನಮ್ಮನ್ನು ಒಂದು ಮಾತೂ ಕೇಳದೆ ಯಾರೋ ತೀರ್ಮಾನ ಮಾಡಿಬಿಡುತ್ತಾರೆ. ಅದರ ಭಾರ ಮಾತ್ರ ನಮ್ಮ ಹೆಗಲಿಗೆ ಬೀಳುತ್ತದೆ. ಸಿಟ್ಟು ಬರುವುದು ಸಹಜ. ಆದರೆ ತೀರ್ಮಾನ ಮಾಡಿದವರು ಕೈಗೆ ಸಿಗುವುದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವಂತೆ, ಹತ್ತಿರವಿದ್ದ ಯಾರೋ ಅದಕ್ಕೆ ಗುರಿಯಾಗುತ್ತಾರೆ. ಇಂಥ ಹೊತ್ತಿನಲ್ಲಿ ನನಗೆ ಸಾರಾ ಮರ್ರಿ ನೆನಪಾಗುತ್ತಾರೆ.

ಮರ್ರಿ ಐಸ್ ಹಾಕಿ ಆಟಗಾರ್ತಿಯಾಗಿದ್ದವರು. ಅಮೆರಿಕದ ಮಿನ್ನೆಸೋಟ ಡುಲುತ್ ವಿಶ್ವವಿದ್ಯಾಲಯದ ತಂಡದಲ್ಲಿದ್ದಾಗ 2008 ಮತ್ತು 2010ರ ರಾಷ್ಟ್ರೀಯ ಕಾಲೇಜು ಪ್ರಶಸ್ತಿಗಳ ಗೆಲುವಿನಲ್ಲಿ ಪಾಲು ಪಡೆದರು. 2014ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ದಕ್ಷಿಣ ಕೊರಿಯಾದ ಮಹಿಳಾ ತಂಡಕ್ಕೆ ಕೋಚ್ ಆದರು. ಈ ಆಟ ಆಡುವ ಹೆಣ್ಣುಮಕ್ಕಳೇ ಅಪರೂಪವಾಗಿದ್ದ ಆ ನಾಡಿನಲ್ಲಿ, 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗಾಗಿ ವರ್ಷಗಟ್ಟಲೆ ತಂಡ ಕಟ್ಟಿದರು.

ಕ್ರೀಡಾಕೂಟಕ್ಕೆ ಮೂರು ವಾರವಿದ್ದಾಗ ಉತ್ತರ, ದಕ್ಷಿಣ ಕೊರಿಯಾಗಳು ಒಂದೇ ಮಹಿಳಾ ಹಾಕಿ ತಂಡವನ್ನು ಇಳಿಸುವುದೆಂದು ನಿಶ್ಚಯವಾಯಿತು. ದಕ್ಷಿಣದ 23 ಮಂದಿಯ ಜೊತೆಗೆ ಉತ್ತರದ 12 ಮಂದಿ ಸೇರಬೇಕು. ಪ್ರತಿ ಪಂದ್ಯದ 22 ಜನರಲ್ಲಿ ಉತ್ತರದ ಮೂವರಾದರೂ ಇರಲೇಬೇಕು. ಅಂದರೆ ವರ್ಷಗಟ್ಟಲೆ ಬೆವರು ಸುರಿಸಿದ ಕೆಲವರು ಹೊರಗೆ ಕೂರಬೇಕು. ಮರ್ರಿ ಇದನ್ನು ನುಂಗಿಕೊಳ್ಳಲಿಲ್ಲ. ಇದು ಕಷ್ಟದ ಮಾತು, ನನ್ನ ಹುಡುಗಿಯರು ತಮ್ಮ ಸ್ಥಾನವನ್ನು ದುಡಿದು ಪಡೆದಿದ್ದಾರೆ ಎಂದು ಪತ್ರಕರ್ತರ ಮುಂದೆಯೇ ಹೇಳಿದರು.

ಆದರೆ ಜನವರಿ 25ರಂದು ಉತ್ತರದ ಆಟಗಾರ್ತಿಯರು ಬಂದಿಳಿದ ಮೇಲೆ ಆ ಸಿಟ್ಟು ಅವರತ್ತ ತಿರುಗಲಿಲ್ಲ. ಅವರೂ ಕೇಳಿ ಬಂದವರಲ್ಲವಲ್ಲ. ಲಾಕರ್ ಕೋಣೆಯಲ್ಲಿ ಎರಡೂ ಕಡೆಯವರನ್ನು ಬೆರೆಸಿ ಕೂರಿಸಿದರು. ಉತ್ತರದವರು ಆಟದ ಪರಿಭಾಷೆಗೆ ಬೇರೆಯೇ ಪದಗಳನ್ನು ಬಳಸುತ್ತಿದ್ದುದರಿಂದ ಮೂರು ಪುಟಗಳ ಪದಪಟ್ಟಿಯೊಂದು ಸಿದ್ಧವಾಯಿತು. ವಾಸದ ಕೋಣೆ, ಬಸ್ಸು ಬೇರೆಬೇರೆಯಾಗಿದ್ದವು. ಊಟದ ಮೇಜು ಒಂದಾಯಿತು. ಉತ್ತರದ ಕೋಚ್ ಪಾಕ್ ಚೊಲ್ ಹೊ ಅವರ ಜೊತೆಗೂ ಹೊಂದಿಕೊಂಡು ಕೆಲಸ ನಡೆಯಿತು.

ಅನ್ಯಾಯ ಕಂಡಾಗ ಬಾಯಿಮುಚ್ಚಿಕೊಂಡಿರುವುದು ಒಳ್ಳೆಯತನವಲ್ಲ. ತನ್ನನ್ನು ನಂಬಿದವರ ಪರವಾಗಿ ಮಾತಾಡುವುದು ಹಿರಿಯರ ಕರ್ತವ್ಯ. ಮಾತಾಡಿದ ಮೇಲೂ ತೀರ್ಮಾನ ಬದಲಾಗದಿದ್ದರೆ, ಎದುರು ಬಂದವರನ್ನು ಅರೆಮನಸ್ಸಿನಿಂದ ನಡೆಸಿಕೊಳ್ಳದಿರುವುದೂ ಅಷ್ಟೇ ದೊಡ್ಡ ಕರ್ತವ್ಯ. ಮೊದಲನೆಯದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ದಿನದಿನವೂ ಮನಸ್ಸನ್ನು ತಿದ್ದಿಕೊಳ್ಳುವ ಶಕ್ತಿ ಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರೇ ನಮ್ಮಲ್ಲಿ ಹೆಚ್ಚು.

ಆ ತಂಡ ಗೆಲ್ಲಲಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್ ಎದುರು 0–8ರ ಸೋಲು. ಫೆಬ್ರವರಿ 14ರಂದು ಜಪಾನ್ ವಿರುದ್ಧ ರ್‍ಯಾಂಡಿ ಹೀಸೂ ಗ್ರಿಫಿನ್ ಹೊಡೆದದ್ದು ತಂಡದ ಮೊದಲ ಗೋಲು. ಆಡಿದ ಐದೂ ಪಂದ್ಯಗಳಲ್ಲಿ ಸೋತು, ಗಳಿಸಿದ್ದು ಎರಡೇ ಗೋಲು. ಆದರೂ ಫೆಬ್ರವರಿ 26ರಂದು ಉತ್ತರದವರು ಊರಿಗೆ ಹೊರಟಾಗ ಎರಡೂ ಕಡೆಯ ಹುಡುಗಿಯರು ತಬ್ಬಿಕೊಂಡು ಅತ್ತರು. ಎರಡು ಸರ್ಕಾರಗಳು ಸೇರಿ ಒಂದು ತಂಡವನ್ನು ಘೋಷಿಸಬಹುದು. ಹೀಗೆ ಅಳುವಷ್ಟು ಹತ್ತಿರವಾಗಿ ಎಂದು ಯಾರೂ ಆಜ್ಞೆ ಮಾಡಲಾರರು.

ಇಂದು ನಿಮ್ಮ ಕಚೇರಿಗೆ, ತರಗತಿಗೆ, ಮನೆಗೆ ನಿಮ್ಮನ್ನು ಕೇಳದೆ ಯಾರಾದರೂ ಬಂದು ಸೇರಿರಬಹುದು. ತಕರಾರಿದ್ದರೆ ಕಳಿಸಿದವರಿಗೆ ನೇರವಾಗಿ ಹೇಳಿ. ಬಂದವರಿಗೆ ಪಕ್ಕದಲ್ಲಿ ಜಾಗ ಕೊಡಿ, ಕೆಲಸದ ಮಾತು ಕಲಿಸಿ, ಊಟಕ್ಕೆ ಜೊತೆಯಲ್ಲಿ ಕೂರಿಸಿಕೊಳ್ಳಿ.