ಅರ್ಧಕ್ಕೆ ಬಿಟ್ಟ ಮದ್ದು ಯಾರ ತಪ್ಪು?

‘ಜ್ವರ ಇಳಿಯಿತಲ್ಲ, ಇನ್ನೇಕೆ ಮಾತ್ರೆ?’ ಎಂದು ಉಳಿದದ್ದನ್ನು ಡಬ್ಬಿಯಲ್ಲಿಟ್ಟು, ಪಕ್ಕದ ಮನೆಯ ಮಗು ಕಾಯಿಲೆ ಬಿದ್ದಾಗ ತೆಗೆದುಕೊಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಪರೋಪಕಾರ ಮಾಡಿದ ತೃಪ್ತಿ ಬೇರೆ! ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡವರುಂಟೇ? ನಾನಂತೂ ಹೇಳಿಲ್ಲ.

ಬಿಹಾರದ ಕಾಲಾ ಅಜಾರ್ ಕಥೆ ಕೇಳಿ. ಮರಳು ನೊಣ ಕಚ್ಚಿ ಬರುವ ಈ ಜ್ವರದಲ್ಲಿ ಗುಲ್ಮ ಊದುತ್ತದೆ, ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಉಳಿಯುವವರು ವಿರಳ. 1920ರ ದಶಕದಲ್ಲಿ ಕಲ್ಕತ್ತೆಯ ಡಾ. ಉಪೇಂದ್ರನಾಥ ಬ್ರಹ್ಮಚಾರಿಯವರು ಆಂಟಿಮನಿಯಿಂದ ಮಾಡಿದ ಮದ್ದು ಅಸಂಖ್ಯ ಜನರನ್ನು ಬದುಕಿಸಿತು. ಅದೇ ಜಾತಿಯ ಇಂಜೆಕ್ಷನ್ನುಗಳು 1990ರ ದಶಕದ ಹೊತ್ತಿಗೆ ಉತ್ತರ ಬಿಹಾರದಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ನಾಟದೆ ಹೋದವು. ಕಡಿಮೆ ಪ್ರಮಾಣದಲ್ಲಿ ಕೊಟ್ಟದ್ದು, ನಡುವೆ ನಿಲ್ಲಿಸಿದ್ದು, ಪೂರ್ತಿ ಮಾಡದೆ ಬಿಟ್ಟದ್ದು ಕಾರಣಗಳಲ್ಲಿ ಸೇರಿದ್ದವು. ನಮ್ಮ ದೇಶದಲ್ಲಿ ಈ ರೋಗ ಮನುಷ್ಯನಿಂದ ನೊಣಕ್ಕೆ, ನೊಣದಿಂದ ಮನುಷ್ಯನಿಗೆ. ಒಬ್ಬನ ಮೈಯಲ್ಲಿ ಮದ್ದಿಗೆ ಬಗ್ಗದಂತೆ ಪಳಗಿದ ರೋಗಾಣು ನೆರೆಯವನಿಗೂ ಬಂತು.

ಆಂಫೊಟೆರಿಸಿನ್ ಬಿ ಎಂಬ ಇನ್ನೊಂದು ಮದ್ದಿತ್ತು. ಆದರೆ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಡ್ರಿಪ್ ಹಾಕಿಸಿಕೊಳ್ಳಬೇಕು. ನಡುಕ, ಜ್ವರ, ಮೂತ್ರಪಿಂಡಕ್ಕೆ ಪೆಟ್ಟು. ವಿಜ್ಞಾನಿಗಳು ಅದನ್ನೇ ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದರು. ಒಂದು ಮಿಲಿಮೀಟರಿನಲ್ಲಿ 10,000ಕ್ಕೂ ಹೆಚ್ಚು ಗುಳ್ಳೆಗಳನ್ನು ಸಾಲಾಗಿ ಇಡಬಹುದು! ಈ ರೋಗಾಣು ಅಡಗುವುದು ದೇಹದ ಕಾವಲು ಕಣಗಳೊಳಗೇ. ಸಿಕ್ಕಿದ್ದನ್ನು ನುಂಗುವುದು ಆ ಕಣಗಳ ಸ್ವಭಾವ, ಗುಳ್ಳೆಗಳನ್ನೂ ನುಂಗುತ್ತವೆ. ಮದ್ದು ಕಳ್ಳನ ಅಡಗುದಾಣಕ್ಕೇ ಹೋಗಿ ಮುಟ್ಟುತ್ತದೆ. ಮುಜಫ್ಫರ್‌ಪುರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದೇ ಸಲ ಡ್ರಿಪ್ ಪಡೆದವರಲ್ಲಿ 100ಕ್ಕೆ 95ಕ್ಕೂ ಹೆಚ್ಚು ಮಂದಿ ಆರು ತಿಂಗಳ ನಂತರವೂ ಗುಣವಾಗಿಯೇ ಇದ್ದರು.

ಹಾಗಾದರೆ ಹಿಂದೆ ಅರ್ಧಕ್ಕೆ ಬಿಟ್ಟವನು ತಪ್ಪಿತಸ್ಥನೇ? ದಿನಗೂಲಿಯವನು ವಾರಗಟ್ಟಲೆ ಕೂಲಿ ಬಿಟ್ಟು ಸೂಜಿ ಚುಚ್ಚಿಸಿಕೊಳ್ಳಲಾರದೆ ಹೊಲಕ್ಕೆ ಮರಳಿದರೆ ಅದನ್ನು ಪಾಪವೆನ್ನಲು ನನಗೆ ಬಾಯಿ ಬಾರದು. ಅವನಿಗೆ ಉಪದೇಶಕ್ಕಿಂತ ಒಂದೇ ದಿನದಲ್ಲಿ ಮುಗಿಯುವ ಮದ್ದು ಕೊಟ್ಟದ್ದೇ ದೊಡ್ಡ ಕರುಣೆ. ಸಂಬಳವೂ ಡಾಕ್ಟರೂ ಹತ್ತಿರವಿರುವ ನಮಗೆ ಆ ನೆಪವಿಲ್ಲ.

ಆದರೆ ಈ ಮದ್ದು ದುಬಾರಿ. ತಯಾರಕರು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ದಾನ ಕೊಡಲು ಒಪ್ಪಿದ್ದರಿಂದ ಬಡವರ ಕೈಗೆ ಸಿಕ್ಕಿತು. ಸಮಾರಿಯದವನು ಗಾಯಾಳುವನ್ನು ಛತ್ರದಲ್ಲಿ ಬಿಡುವಾಗ, ಇನ್ನೂ ಖರ್ಚಾದರೆ ಮರಳಿ ಬಂದು ತೀರಿಸುವೆನೆಂದಿದ್ದ. ಮರಳಿ ಬರುವ ಆ ಮಾತನ್ನು ಕೊಡಬೇಕಾದವರು ದಾನಿಗಳು ಮಾತ್ರವೇ, ತೆರಿಗೆ ಕಟ್ಟುವ ನಾವೂ ಅಲ್ಲವೇ?